ಷಡ್ಡಕನ ಶ್ರವಣಶಾಸ್ತ್ರ

ಕೃಷ್ಣರಾಜನಗರದ ಕಡೆ ಎತ್ತು ಕೊಳ್ಳುವವರಿಗೆ ಹಲ್ಲು ಎಣಿಸಿ ವಯಸ್ಸು ಹೇಳುವವರಿದ್ದರು, ಗದ್ದೆ ಕೊಳ್ಳುವವರಿಗೆ ಮಣ್ಣು ಹಿಸುಕಿ ಗುಣ ಹೇಳುವವರಿದ್ದರು. ಈಗ ಹೆಡ್‌ಫೋನ್ ಕೊಳ್ಳುವವರಿಗೂ ಒಬ್ಬ ಹುಟ್ಟಿಕೊಂಡಿದ್ದಾನೆ. ಮೊಬೈಲ್ ಅಂಗಡಿ ಮುಂದೆ ನೀವು ಸುಮ್ಮನೆ ಅನುಮಾನಿಸುತ್ತ ನಿಂತರೆ ಸಾಕು, ಪಕ್ಕದಲ್ಲಿ ಪ್ರತ್ಯಕ್ಷನಾಗಿ ‘ಬಜೆಟ್ ಎಷ್ಟು?’ ಅನ್ನುತ್ತಾನೆ. ಇಂಥವರು ಎಲ್ಲ ಊರಲ್ಲೂ ಇದ್ದಾರೆ. ನನ್ನ ಪಾಲಿಗೆ ಬಂದವನು ನನ್ನ ಷಡ್ಡಕ. ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಇಲ್ಲ; ಹಬ್ಬಕ್ಕೆ ಮನೆಗೇ ಬರುತ್ತಾನೆ.

ನನ್ನ ಬೇಡಿಕೆ ಸಣ್ಣದು. ಮೈಸೂರಿಗೆ ಹೋಗಿಬರುವ ರೈಲಿನಲ್ಲಿ ರಾಜನ್–ನಾಗೇಂದ್ರರ ಹಾಡು ಕೇಳಬೇಕು, 500 ರೂಪಾಯಿಯೊಳಗೆ. ‘ಐನೂರಕ್ಕೆ ಬರೋದು ಕಿವಿಗೆ ಬಿರಡೆ ಕಣಣ್ಣ. ಇನ್ನೊಂದು ಸಾವಿರ ಹಾಕಿ’ ಅಂದ. ಹಾಕಲು ಒಪ್ಪಿದೆ. ಅಷ್ಟು ಹಾಕುವವರು ಇನ್ನೆರಡು ಹಾಕಿದರೆ ಎಲ್ಲಿಗೋ ಹೋಗಿಬಿಡಬಹುದು ಅಂದ. ಹೀಗೇ ಏರುತ್ತ ಏರುತ್ತ 15,000ದ ಹತ್ತಿರ ಬಂದಾಗ 250 ಓಮ್‌ನದೊಂದನ್ನು ತೋರಿಸಿ, ‘ಇದನ್ನ ಎಬ್ಬಿಸೋಕೆ ಫೋನಿಗೆ ಕಸುವಿಲ್ಲ, ಆಂಪ್ಲಿಫೈಯರ್ ಬೇರೆ ಬೇಕು’ ಅಂದ. ಫೋನಿಗೆ 16 ಅಥವಾ 32 ಓಮ್ ಸಾಕು ಎಂದು ಪಾಠ ಹೇಳಿದ್ದವನೂ ಇವನೇ. ಡಬ್ಬಿಯ ಮೇಲೆ 20ರಿಂದ 20,000 ಹರ್ಟ್ಸ್ ಎಂದಿತ್ತು. ‘ಅದನ್ನ ಎಲ್ಲರೂ ಬರೀತಾರೆ. ಮನುಷ್ಯನ ಕಿವಿ ಕೇಳೋದೇ ಅಷ್ಟು. ವಯಸ್ಸಾದ್ಮೇಲೆ ಮೇಲಿನದು ಕೇಳೋದೂ ಇಲ್ಲ’ ಎಂದು ನನ್ನ ನೆತ್ತಿ ನೋಡಿದ.

ಹೊಸ ಹೆಡ್‌ಫೋನನ್ನು ರಾತ್ರಿಯಿಡೀ ಹಾಡಿಸಿ ‘ಪಳಗಿಸು’ತ್ತಾನೆ. ಯಾರದ್ದೇ ಮನೆಗೆ ಹೋದರೂ ಅವರದ್ದನ್ನು ಕಿವಿಗಿಟ್ಟು ಕಣ್ಣುಮುಚ್ಚಿ, ಸತ್ತವರ ಮನೆಯಲ್ಲಿ ನಿಂತಂತೆ ತಲೆಯಾಡಿಸುತ್ತಾನೆ. ಯಾವ ಹಾಡನ್ನೂ ಚರಣ ಮುಟ್ಟಲು ಬಿಡುವುದಿಲ್ಲ. ಪಲ್ಲವಿಗೇ ತೀರ್ಪು.

ಕಳೆದ ಮಳೆಗಾಲದಲ್ಲಿ ನನ್ನನ್ನು ಚುಂಚನಕಟ್ಟೆಗೆ ಎಳೆದುಕೊಂಡು ಹೋದ. ಕಾವೇರಿ ತುಂಬಿ ಧುಮುಕುತ್ತಿದ್ದಳು. ಅಲ್ಲಿನ ಕೋದಂಡರಾಮನ ಗುಡಿಯ ಆವರಣದಲ್ಲಿ ಕೇಳುವ ನೀರಿನ ಭೋರ್ಗರೆತ ಗರ್ಭಗುಡಿಯೊಳಗೆ ಕೇಳಿಸುವುದಿಲ್ಲ ಎಂಬುದು ನಮ್ಮ ಕಡೆಯವರ ಹೆಮ್ಮೆಯ ಮಾತು. ‘ನೋಡಿ, ರಾಮದೇವರು ಆ ಕಾಲದಲ್ಲೇ ನಾಯ್ಸ್ ಕ್ಯಾನ್ಸಲೇಷನ್ ಮಾಡಿಸಿದ್ರು’ ಎಂದು ಪೀಠಿಕೆ ಹಾಕಿ, ಜಲಪಾತದ ಎದುರು ನಿಲ್ಲಿಸಿ, ಬ್ಯಾಗಿನಿಂದ ತೆಗೆದ ಹೆಡ್‌ಫೋನನ್ನು ನನ್ನ ತಲೆಗೆ ಕಿರೀಟದ ಹಾಗೆ ತೊಡಿಸಿದ. ಪ್ರವಾಸಿಗರು ಜಲಪಾತ ಬಿಟ್ಟು ನನ್ನ ಫೋಟೋ ತೆಗೆದರು. ಗುಂಡಿ ಒತ್ತಿದ. ‘ಧೋ’ ಎನ್ನುವುದು ಹೋಯಿತು, ‘ಸುಯ್’ ಎನ್ನುವುದು ಉಳಿಯಿತು. ಪಕ್ಕದಲ್ಲಿ ಒಬ್ಬ ತಾಯಿ ‘ಪಾಚಿ ಕಟ್ಟೈತೆ, ಜಾರ್ತೀಯ ಮುಂಡೇದೆ!’ ಎಂದು ಮಗನನ್ನು ಬೈಯುತ್ತಿದ್ದದ್ದು ಮೊದಲಿಗಿಂತ ಚೆನ್ನಾಗಿ ಕೇಳಿಸಿತು. ‘ಅದು ಸರಿಯೇ’ ಎಂದು ವಿವರಿಸಿದ: ಹೊರಗಿನ ಸದ್ದನ್ನು ಸಣ್ಣ ಮೈಕು ಹಿಡಿಯುತ್ತದೆ, ಅದಕ್ಕೆ ತದ್ವಿರುದ್ಧದ ಅಲೆಯನ್ನು ಒಳಗೆ ಬಿಟ್ಟು ಕಳೆಯುತ್ತದೆ, ಒಂದೇ ಸಮ ಮೊರೆಯುವ ದಪ್ಪ ಸದ್ದಾದರೆ ಹಿಡಿತಕ್ಕೆ ಸಿಗುತ್ತದೆ, ಮಾತು ಸಿಗುವುದಿಲ್ಲ. ಅಂದರೆ ರೈಲಿನ ಗಡಗಡ ಹೋಗಿ ಕಡ್ಲೇಕಾಯಿಯವನ ಕೂಗು ಉಳಿಯುತ್ತದೆ. ಬೆಲೆ ಕೇಳಿ ನಾನೇ ನೀರಿಗೆ ಜಾರುವಂತಾಯಿತು.

ಹಿಂತಿರುಗುವಾಗ ಜಾತ್ರೆ ನಡೆಯುವ ಬಯಲು ಬಂತು. ಅವನು ಮರವೊಂದನ್ನು ತೋರಿಸಿದ. ಅವರಪ್ಪ ಆ ಕಾಲದಲ್ಲಿ ಮದುವೆಗೆ, ಜಾತ್ರೆಗೆ ಮೈಕ್ ಸೆಟ್ ಹಾಕುತ್ತಿದ್ದವರು. ಹಾರ್ನ್ ಕಟ್ಟಲು ಮರ ಹತ್ತುತ್ತಿದ್ದದ್ದು ಇವನು. ಅಪ್ಪ ಮಾತ್ರ ಹಗಲೂ ರಾತ್ರಿ ಅದರ ಬುಡದಲ್ಲೇ ಕೂತಿರುತ್ತಿದ್ದರು. ಈಗ ಅವರನ್ನು ಊಟಕ್ಕೆ ಕರೆಯಬೇಕಾದರೆ ಹತ್ತಿರ ಹೋಗಿ ಭುಜ ಮುಟ್ಟಬೇಕು. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ದಾಟಬಾರದು, 90 ಆದರೆ 4 ಗಂಟೆಗೇ ಮುಗಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಬಸ್‌ಸ್ಟ್ಯಾಂಡಿನ ಹುಡುಗರಿಗೆ ಒಪ್ಪಿಸಿ, ಅವರ ಫೋನು ಕಿತ್ತು ವಾಲ್ಯೂಮ್ ಇಳಿಸಿ, ಬೈಸಿಕೊಂಡು ಬರುವುದೂ ಇವನ ದಿನಚರಿ. ಈ ಕೆಲಸಕ್ಕೆ ಅವನು ಯಾರ ಬಜೆಟ್ಟನ್ನೂ ಕೇಳುವುದಿಲ್ಲ.

ನಾನು ಗುಟ್ಟಾಗಿ 350 ರೂಪಾಯಿಯ ವೈರಿನದೊಂದನ್ನು ಕೊಂಡಿದ್ದೆ. ಬೇಸ್ ಇರಲಿಲ್ಲ, ಡೋಲು ತಮಟೆಯಾಗಿತ್ತು. ಗೌರಿ ಹಬ್ಬಕ್ಕೆ ಬಂದವನು ದಿಂಬಿನಡಿಯಿಂದ ಅದನ್ನು ಎಳೆದೇಬಿಟ್ಟ. ಉಪನ್ಯಾಸಕ್ಕೆ ಸಿದ್ಧನಾಗಿ ಕೂತೆ. ಅವನು ಮಾತಾಡಲಿಲ್ಲ. ಜೇಬಿನಿಂದ ಪೊಟ್ಟಣ ತೆಗೆದು, ರಬ್ಬರಿನ ಟೋಪಿಗಳನ್ನು ಒಂದೊಂದಾಗಿ ಸಿಕ್ಕಿಸಿ, ನನ್ನ ಕಿವಿಗೆ ಒತ್ತಿ ನೋಡಿದ. ಸಂದು ಉಳಿದರೆ ಬೇಸ್ ಎಲ್ಲ ಅಲ್ಲೇ ಸೋರಿಹೋಗುತ್ತದಂತೆ. ಎಡಗಿವಿಗೆ ದೊಡ್ಡದು, ಬಲಗಿವಿಗೆ ಮಧ್ಯಮದ್ದು ಸರಿಹೋಯಿತು. ಡೋಲು ಡೋಲಾಯಿತು.

‘ಅಣ್ಣಂಗೆ ಎರಡು ಕಿವೀನೂ ಬೇರೆಬೇರೆ ಸೈಜು ಕಣಕ್ಕ’ ಅಂದ, ಅಡುಗೆಮನೆ ಕಡೆ ತಿರುಗಿ.

‘ಗೊತ್ತು,’ ಒಳಗಿಂದ ಉತ್ತರ ಬಂತು, ‘ನಾನು ಹೇಳಿದ್ದೆಲ್ಲ ಸಣ್ಣದ್ರಲ್ಲಿ ಹೋಗಿ ದೊಡ್ಡದ್ರಲ್ಲಿ ಆಚೆ ಬರ್ತದೆ.’