ಡ್ಯಾಶ್‌ಬೋರ್ಡ್ ಕೆಳಗಿನ ಅತ್ತೆ

ಅಂಬಾಸಿಡರ್ ಕಾಲದಲ್ಲಿ ಕಾರಿನ ಸಂಸಾರ ಸರಳವಾಗಿತ್ತು. ಸ್ವಿಚ್ ಒತ್ತಿದರೆ ಕರೆಂಟು ತಂತಿ ಹಿಡಿದು ದೀಪಕ್ಕೆ ಹೋಗುತ್ತಿತ್ತು. ಹೋಗದಿದ್ದರೆ ಮೆಕ್ಯಾನಿಕ್ ಬಂದು ವೈರು ಎಳೆದು, ಟೇಪು ಸುತ್ತಿ, ಟೀ ಕುಡಿದು ಹೋಗುತ್ತಿದ್ದ. ಈಗ ವೈಪರ್ ಕಡ್ಡಿ ಎಳೆದರೆ ಸುದ್ದಿ ವೈಪರಿಗೆ ಹೋಗುವುದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಅಡಗಿ ಕೂತ ಡಬ್ಬಿಗೆ ಹೋಗುತ್ತದೆ. ಅದೇ ಬಾಡಿ ಕಂಟ್ರೋಲ್ ಮಾಡ್ಯೂಲ್, ಗ್ಯಾರೇಜಿನವರ ಬಾಯಲ್ಲಿ ಬಿಸಿಎಂ. ದೀಪ, ಹಾರ್ನು, ಕಿಟಕಿ ಗಾಜು, ಬಾಗಿಲ ಲಾಕು, ಎಲ್ಲಕ್ಕೂ ಅದರ ಅಪ್ಪಣೆ ಬೇಕು. ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ಒಳಮನೆಯಲ್ಲೇ ಕೂತು ಇಡೀ ಮನೆ ಆಳುವ ಹಳೇ ಕಾಲದ ಅತ್ತೆ!

ಒಂದು ಮಳೆಗಾಲ ನಮ್ಮ ಕಾರಿನ ಅತ್ತೆಗೆ ತಲೆ ಕೆಟ್ಟಿತು. ಮುಂದಿನ ಗಾಜಿನ ಬುಡದ ಕಿಂಡಿಗೆ ಎಲೆ ಕಟ್ಟಿಕೊಂಡು ನೀರು ಒಳಗಿಳಿದಿತ್ತು. ಇಂಡಿಕೇಟರ್ ಹಾಕಿದರೆ ವೈಪರ್ ಆಡಿತು. ನಡುರಾತ್ರಿ ತಾನಾಗಿಯೇ ಹಾರ್ನು ಹೊಡೆದು ಬೀದಿನಾಯಿಗಳನ್ನೆಲ್ಲ ಎಬ್ಬಿಸಿತು.

ಹೊಸ ಡಬ್ಬಿ ಬಂತು. ಕೂರಿಸಿದ್ದಾಯಿತಲ್ಲ, ಇನ್ನೇನು ಎಂದರೆ, "ಇದಕ್ಕಿನ್ನೂ ಏನೂ ಗೊತ್ತಿಲ್ಲ ಸಾರ್, ಪ್ರೋಗ್ರಾಂ ಮಾಡಬೇಕು" ಎಂದ ಗ್ಯಾರೇಜಿನ ಹುಡುಗ. ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದ. ಮೊದಲು 17 ಅಕ್ಷರ, ಅಂಕಿಗಳ ಚಾಸಿ ನಂಬರು ಹೇಳಿಕೊಟ್ಟ. ಆಮೇಲೆ ಮನೆಯ ವಿವರ: ಫಾಗ್ ಲ್ಯಾಂಪ್ ಇದೆಯೇ, ಹಿಂದೊಂದು ವೈಪರ್ ಇದೆಯೇ. ಹೇಳದಿದ್ದರೆ ಕಣ್ಣೆದುರಿನ ಫಾಗ್ ಲ್ಯಾಂಪನ್ನೂ ಅದು "ನೀನ್ಯಾರು?" ಎಂದು ಕೇಳುತ್ತದಂತೆ.

ನಡುವೆ ವೋಲ್ಟೇಜ್ ಬಿದ್ದರೆ ಅರ್ಧ ಕಲಿತ ಡಬ್ಬಿ ಸತ್ತೇಹೋಗಬಹುದು. ಅದಕ್ಕೇ ಬ್ಯಾಟರಿಗೆ ಚಾರ್ಜರ್. "ಬಾಗಿಲು ತೆಗೀಬೇಡಿ ಸಾರ್, ಎಸಿ ಮುಟ್ಟಬೇಡಿ." ನಾನು ಕೆಮ್ಮನ್ನೂ ನುಂಗಿ ಕೂತೆ.

ಕಾರಿನ ಮಾಡ್ಯೂಲುಗಳೆಲ್ಲ ಮಾತಾಡಿಕೊಳ್ಳುವುದು ಹೆಣೆದ ಎರಡು ತಂತಿಗಳ ಮೇಲೆ. 'ಕ್ಯಾನ್' ಎಂಬ ಈ ಏರ್ಪಾಟನ್ನು ಬಾಷ್ ಕಂಪನಿ 1986ರಲ್ಲಿ ಜಗತ್ತಿನ ಮುಂದಿಟ್ಟಿತು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಹೆಚ್ಚು ಮುಖ್ಯವಾದ ಸುದ್ದಿಗೆ ದಾರಿ. ಇನ್ನೊಬ್ಬರು ತಾವಾಗಿ ಸುಮ್ಮನಾಗಿ ಸರದಿ ಕಾಯುತ್ತಾರೆ. ನಮ್ಮ ಮನೆಗೆ ಈ ತಂತ್ರಜ್ಞಾನ ಇನ್ನೂ ಬಂದಿಲ್ಲ.

ಕೊನೆಗೆ ಕೀಗಳ ಸರದಿ. ಕೀ ತಲೆಯೊಳಗಿನ ಚಿಪ್ಪಿನ ಗುರುತು ಹತ್ತದೆ ಎಂಜಿನ್ ಏಳುವುದಿಲ್ಲ. "ಇರೋ ಕೀ ಎಲ್ಲಾ ಕೊಡಿ ಸಾರ್. ಈಗ ಎದುರಿಗಿಲ್ಲದ್ದನ್ನ ಗಾಡಿ ಮರೆತುಬಿಡುತ್ತೆ." ಎರಡನೆಯದು ಹುಬ್ಬಳ್ಳಿಯಲ್ಲಿ ಮಗನ ಬಳಿ ಇತ್ತು. ಯುಗಾದಿಗೆ ರಜೆ ಸಿಗದ, ಗಣೇಶನ ಹಬ್ಬಕ್ಕೆ ಬಸ್ಸು ಸಿಗದ ಮಗ, "ಕೊರಿಯರಲ್ಲಿ ಕಳೆದುಹೋದರೆ?" ಎಂದು ಅದೇ ರಾತ್ರಿ ಬಸ್ಸು ಹತ್ತಿ ಬಂದ. ಹೆಂಡತಿ ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಳು.

ಎರಡೂ ಕೀಗಳ ಗುರುತು ಹಿಡಿದು ಕಾರು ಸ್ಟಾರ್ಟಾಯಿತು. ಹೊರಟ ಗ್ಯಾರೇಜಿನ ಹುಡುಗನನ್ನು ಹೆಂಡತಿ ಬದಿಗೆ ಕರೆದು ಮೆಲ್ಲಗೆ ಕೇಳಿದಳು: "ಏನಪ್ಪಾ, ದೀಪಾವಳಿ ಹೊತ್ತಿಗೆ ಇದು ಇನ್ನೊಂದ್ಸಲ ಮರೆಯೋ ಹಾಗೆ ಮಾಡೋಕಾಗುತ್ತಾ?"