ಅವಕಾಶ ದಯಪಾಲಿಸಿದವರಿಗೆ ಒಂದು ಬಹಿರಂಗ ಪತ್ರ

ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಿಗೆ,

ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ಆ ಮಂಗಳವಾರ ತಲಾ ಒಂಬತ್ತು ನಿಮಿಷದಂತೆ ನೀವು ಮನೆಗೆ ಕಳಿಸಿದವರಲ್ಲಿ ನಾನೂ ಒಬ್ಬ. ಊಟಕ್ಕೆ ಮುಂಚಿನ ಬ್ಯಾಚು. ಕೆಲಸ ಹೋಯಿತು ಎಂದು ಬಾಯಿ ಬಿಟ್ಟು ಹೇಳದೆ, "ಇದನ್ನೊಂದು ಅವಕಾಶ ಅಂತ ನೋಡಿ ಸರ್" ಅಂದಿರಿ. ಹನ್ನೊಂದು ವರ್ಷದಲ್ಲಿ ನೀವು ನನ್ನನ್ನು ಸರ್ ಎಂದು ಕರೆದದ್ದು ಅದೇ ಮೊದಲು. ಐಡಿ ಕಾರ್ಡನ್ನು ಇಸಿದುಕೊಂಡು ಡ್ರಾಯರಿಗೆ ಹಾಕಿದಿರಿ. ನಾನು ಸೀಟಿಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪು ಪಾಸ್‌ವರ್ಡ್ ತಪ್ಪು ಎನ್ನುತ್ತಿತ್ತು. ಒಂದು ಮೌಸ್ ಬದಲಿಸಲು ಮೂರು ದಿನ ತೆಗೆದುಕೊಳ್ಳುತ್ತಿದ್ದ ವಿಭಾಗ ಅಷ್ಟು ಚುರುಕಾಗಿದ್ದನ್ನು ಕಂಡು, ಹೊರಡುವ ಹೊತ್ತಲ್ಲೂ ಹೆಮ್ಮೆಯಾಯಿತು.

ಧನ್ಯವಾದ ಹೇಳೋಣವೆಂದೇ ಈ ಪತ್ರ.

ಮೊದಲ ಮೂರು ವಾರ ಅಮ್ಮನಿಗೆ ಗೊತ್ತಾಗಬಾರದೆಂದು ಎಂಟೂವರೆಗೇ ಬ್ಯಾಗು ಹಾಕಿಕೊಂಡು, ಡಬ್ಬಿ ಹಿಡಿದು ಹೊರಡುತ್ತಿದ್ದೆ. ಎರಡು ಬಡಾವಣೆ ಆಚೆಯ ಪಾರ್ಕು. ಆ ಪಾರ್ಕಿಗೆ ಹತ್ತು ಗಂಟೆಗೆ ಬೀಗ ಬೀಳುತ್ತಿತ್ತೆಂಬುದು ಕೆಲಸ ಇರುವವರಿಗೆ ಗೊತ್ತಾಗುವ ಸಂಗತಿಯಲ್ಲ. ಆಮೇಲೆ ಗಣಪತಿ ದೇವಸ್ಥಾನದ ಜಗಲಿ. ಅಲ್ಲಿ ಇಸ್ತ್ರಿ ಶರ್ಟಿನವರು ಇನ್ನೂ ಇಬ್ಬರಿದ್ದರು. ಒಬ್ಬರ ಮುಖ ಒಬ್ಬರು ನೋಡದೆ ಕೂತಿರುತ್ತಿದ್ದೆವು. ಒಂದು ಗಂಟೆಗೆ ಸರಿಯಾಗಿ ಮೂವರೂ ಡಬ್ಬಿ ಬಿಚ್ಚುತ್ತಿದ್ದೆವು. ಶಿಸ್ತು ನಿಮ್ಮದೇ ಕೊಡುಗೆ. ಆ ದಿನಗಳಲ್ಲೇ ಮಗಳ ಕಾಲೇಜು ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ಒಂದು ಗೆರೆ ಎಳೆದು ಕೊಟ್ಟೆ.

ನಮ್ಮಪ್ಪ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಶುರುವಾದದ್ದು. 2016ರಲ್ಲಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಒಪ್ಪಿತು. ಅಪ್ಪ ಅದಕ್ಕೆ ಬಹಳ ಮುಂಚೆಯೇ ವಿಆರ್‌ಎಸ್ ತೆಗೆದುಕೊಂಡಿದ್ದರು. ಪಾಪ, ಅವರಿಗೆ ಅದು ಅವಕಾಶವೆಂದು ಯಾರೂ ಹೇಳಲಿಲ್ಲ. ಬಂದ ದುಡ್ಡಿನ ಚೀಟಿಯನ್ನು ಊಟದ ಮೇಜಿನ ಮೇಲಿಟ್ಟು, ಪೆನ್ಸಿಲ್ಲಿನಲ್ಲಿ ಎರಡು ಸಲ ಕೂಡಿ ನೋಡಿದರು. ಮರುದಿನ ಬೆಳಿಗ್ಗೆ ಎಂದಿನಂತೆ ತಮ್ಮ 'ಜನತಾ' ವಾಚಿಗೆ ಕೀ ಕೊಟ್ಟರು.

ಜಗಲಿಯಲ್ಲಿ ಕೂತು ನಾನೂ ನಿಮ್ಮ ಚೀಟಿಯನ್ನು ಎರಡು ಸಲ ಕೂಡಿದೆ. ಗ್ರಾಚ್ಯುಟಿ ಲೆಕ್ಕ ದೊಡ್ಡ ವಿದ್ಯೆಯಲ್ಲ: ತುಂಬಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ, ಆದರೆ ತಿಂಗಳಿಗೆ 30 ದಿನವಲ್ಲ, 26. ಕಾಯಿದೆ ಮಾಡಿದವರಿಗೆ ಭಾನುವಾರ ನೆನಪಿತ್ತು, ನಿಮ್ಮವರಿಗೆ ಮರೆತಿತ್ತು. ನನ್ನ ಬೇಸಿಕ್ 52,000. ನೀವು ಹಾಕಿದ್ದು 2,86,000, ಬರಬೇಕಾದದ್ದು 3,30,000. ಮೂರು ಮೇಲ್, ಒಂದು ರಿಜಿಸ್ಟರ್ಡ್ ಪೋಸ್ಟ್ ಆದ ಮೇಲೆ ಉಳಿದ 44,000 ಬಂತು. ಸ್ವಾಭಿಮಾನಕ್ಕೆ ಬೆಲೆ ಕಟ್ಟಲಾಗದು ಎನ್ನುತ್ತಾರಲ್ಲ, ಆ ದಿನ ನನ್ನ ಮಟ್ಟಿಗೆ ಕಟ್ಟಿಯಾಗಿತ್ತು.

ಈ ಸುದ್ದಿ ಜಗಲಿಯಿಂದ ಇಳಿದು ಬೀದಿಗೆ ಹೋಯಿತು. ಮೊದಲು ಬಂದವನು ಎದುರು ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹುಡುಗ. ನಾಲ್ಕು ಏಜೆನ್ಸಿ ಬದಲಿಸಿ ನಾಲ್ಕು ಪಿಎಫ್ ಸಂಖ್ಯೆ (ಯುಎಎನ್) ಮಾಡಿಸಿಕೊಂಡಿದ್ದ, ಒಂದರಲ್ಲೂ ದುಡ್ಡು ತೆಗೆಯಲು ಬರುತ್ತಿರಲಿಲ್ಲ. ಆಮೇಲೆ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಆಧಾರಿನಲ್ಲಿ ಲಕ್ಷ್ಮಮ್ಮ, ಪಿಎಫ್‌ನಲ್ಲಿ ಲಕ್ಷ್ಮಿ. ಆ ಒಂದು 'ಅಮ್ಮ'ನಿಗಾಗಿ ವರ್ಷಗಟ್ಟಲೆ ಕೂಡಿಟ್ಟ ಹಣ ನಿಂತಿತ್ತು. ಆ ಹಣ ತೆಗೆಯುವ ಫಾರಂ 19, ಫಾರಂ 10ಸಿ ನನಗೀಗ ಬಾಯಿಪಾಠ. ಇದ್ದವರು ನೂರು ರೂಪಾಯಿ ಕೊಡುತ್ತಾರೆ, ಇಲ್ಲದವರು ಅಕ್ಕಿರೊಟ್ಟಿ ತರುತ್ತಾರೆ. ಎರಡು ಸಣ್ಣ ಕಾರ್ಖಾನೆಯವರು ತಿಂಗಳ ಲೆಕ್ಕವನ್ನೇ ವಹಿಸಿದ್ದಾರೆ. ಎಲ್ಲ ಸೇರಿದರೂ ನೀವು ಕೊಡುತ್ತಿದ್ದುದರ ಮೂರನೇ ಒಂದು ಪಾಲಿಲ್ಲ. ಕಾರಿನ ಕಂತು ಕಟ್ಟಲಾಗದೆ ಕಾರು ಮಾರಿದ್ದೂ ಆಯಿತು. ಆದರೆ ಜಗಲಿಯಲ್ಲಿ ನನಗಾಗಿ ಕಾದು ಕೂರುವವರಿದ್ದಾರೆ. ನಿಮ್ಮಲ್ಲಿ ನನಗಾಗಿ ಕಾದದ್ದು ಹಾಜರಿ ಯಂತ್ರವೊಂದೇ.

ಇನ್ನು ಪತ್ರದ ಅಸಲು ವಿಷಯ. ಹೋದ ವಾರ ಬಂದ ಹೆಂಗಸನ್ನು ನೋಡಿ ಎದ್ದು ನಿಂತೆ. ನಿಮ್ಮ ಮೂರನೇ ಮಹಡಿ ಗುಡಿಸುವ ಅಕ್ಕ. ನಾನು ರಟ್ಟಿನ ಡಬ್ಬ ಹಿಡಿದು ಲಿಫ್ಟಿಗೆ ಕಾಯುತ್ತಿದ್ದಾಗ, "ಊಟ ಮಾಡ್ಕಂಡ್ ಹೋಗಿ ಸಾ" ಅಂದಿದ್ದು ಅವರೊಬ್ಬರೇ. "ನಮ್ದೂ ಒಸಿ ನೋಡ್ಕೊಡಿ" ಎಂದು ಸಂಬಳದ ಚೀಟಿಗಳನ್ನು ಸೆರಗಿನಿಂದ ಬಿಚ್ಚಿ ಕೊಟ್ಟರು. ತಿಂಗಳಿಗೆ 14,000, ಅದರಲ್ಲಿ ಶೇ. 12ರಂತೆ 1,680 ಪಿಎಫ್‌ಗೆ ಹಿಡಿದಿದ್ದಾರೆ. ಪಾಸ್‌ಬುಕ್ ತೆಗೆದರೆ ಕಳೆದ 14 ತಿಂಗಳದು ಖಾಲಿ. ಗುತ್ತಿಗೆದಾರ ಹಿಡಿದದ್ದನ್ನೂ ಕಟ್ಟಿಲ್ಲ, ತನ್ನ ಪಾಲನ್ನೂ ಕಟ್ಟಿಲ್ಲ. ಎರಡೂ ಸೇರಿ 47,040 ರೂಪಾಯಿ.

ಗುತ್ತಿಗೆಯವರದ್ದು ನಮಗೆ ಸಂಬಂಧವಿಲ್ಲ ಎಂದು ಮೇಲ್ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ಗುತ್ತಿಗೆ ನೌಕರರ ಪಿಎಫ್ ಅನ್ನು ಮೊದಲು ಕಟ್ಟುವ ಹೊಣೆ ಮೂಲ ಮಾಲೀಕರದ್ದು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಅರ್ಜಿ ಸಿದ್ಧವಾಗಿದೆ, ಮೂರನೇ ಮಹಡಿಯ ಇನ್ನೂ ಆರು ಜನರ ಸಹಿಯೂ ಬಿದ್ದಿದೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇವೆ. ದಯವಿಟ್ಟು ಗೇಟಿನಲ್ಲಿ ಹೇಳಿಡಿ; ನನ್ನ ಐಡಿ ಕಾರ್ಡು ನಿಮ್ಮ ಡ್ರಾಯರಿನಲ್ಲಿದೆ.

ಇಂತಿ,
ನಿಮ್ಮ ಮಾಜಿ ಸಂಪನ್ಮೂಲ