ಪಥ್ಯದ ಮಾವ

ಶಿವಮೊಗ್ಗದ ಯಾವ ಬಡಾವಣೆಗೆ ಹೋದರೂ ಒಬ್ಬ ಪಥ್ಯದ ಮಾವ ಸಿಗುತ್ತಾರೆ. ವಿನೋಬನಗರದಲ್ಲಿ ಬೀದಿಗೊಬ್ಬರು. ಹೆಚ್ಚಿನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೋ ಕಾಗದದ ಕಾರ್ಖಾನೆಯಲ್ಲೋ ದುಡಿದು, ರಿಟೈರಾಗಿ ಇಲ್ಲಿ ಮನೆ ಕಟ್ಟಿಸಿದವರು. ಸರ್ವಿಸಿನಲ್ಲಿದ್ದಾಗ ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹತ್ತೂವರೆಗೆ ಮೆಣಸಿನಕಾಯಿ ಬೋಂಡಾ ತಿಂದು ಅರಗಿಸಿಕೊಂಡವರಿಗೆ, ಬೀಳ್ಕೊಡುಗೆಯ ಶಾಲು ಹೆಗಲಿಗೆ ಬಿದ್ದ ಮರುದಿನವೇ ಪಥ್ಯಜ್ಞಾನ ಉದಯವಾಗುತ್ತದೆ.

ಬೆಳಗಿನ ವಾಕಿಂಗಿನಲ್ಲಿ ಗಾಂಧಿ ಪಾರ್ಕಿನ ಬೆಂಚೇ ಅವರ ಪೀಠ. "ಏನಯ್ಯಾ, ಇನ್ನೂ ಸಕ್ಕರೆ ಕಾಫಿ ಕುಡೀತೀಯಾ? ಬಿಳಿ ವಿಷ ಕಣೋ ಅದು!" ಎನ್ನುವ ಮಾವ ಮನೆಗೆ ಬಂದು ಲೋಟಕ್ಕೆ ಎರಡು ಉಂಡೆ ಬೆಲ್ಲ ಹಾಕಿಸಿಕೊಳ್ಳುತ್ತಾರೆ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ ಇದೆಯೆಂಬುದು ನಿಜ. ಉಳಿದದ್ದು ಬಹುಪಾಲು ಸಕ್ಕರೆಯೇ. ಆದರೆ ಭದ್ರಾವತಿಯವರಿಗೆ ಕಬ್ಬಿಣ ಎಂದರೆ ಮುಗಿಯಿತು, ಬೇರೆ ಸರ್ಟಿಫಿಕೇಟು ಬೇಡ.

"ರಾತ್ರಿ ಅನ್ನ ಬಿಟ್ಟು ಎರಡು ವರ್ಷ ಆಯ್ತು" ಎಂದು ಕಂಡವರಿಗೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಅನ್ನದ ಜಾಗಕ್ಕೆ ನಾಲ್ಕು ಅಕ್ಕಿರೊಟ್ಟಿ ಬಂದಿವೆ. ಮಳೆಗಾಲದಲ್ಲಿ ಕಡುಬು. ಮಲೆನಾಡಿನಲ್ಲಿ ಅಕ್ಕಿ ಅಗುಳಾಗಿದ್ದರೆ ಮಾತ್ರ ಅನ್ನ. ಹಿಟ್ಟಾಗಿ ಕಾವಲಿ ಏರಿದರೆ ಪಾಪ ಪರಿಹಾರ. ಶುಗರ್ ಜಾಸ್ತಿಯಾದಾಗ ಯಾರೋ ರಾಗಿ ಹೇಳಿದರು. ಅದರಲ್ಲಿ ನೂರು ಗ್ರಾಮಿಗೆ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಒಳ್ಳೆಯದೇ. ಪಿಷ್ಟವೂ ಅಕ್ಕಿಗಿಂತ ತುಸುವೇ ಕಡಿಮೆ ಎಂಬುದನ್ನು ಮಾವ ಕೇಳಿಸಿಕೊಳ್ಳಲಿಲ್ಲ; ಒಂದು ಮುದ್ದೆ ಮೂರಾಯಿತು.

ಉಪ್ಪಿನ ವಿಷಯದಲ್ಲೂ ಇದೇ ಕತೆ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾವ ಗುಲಾಬಿ ಬಣ್ಣದ ಸೈಂಧವ ಲವಣ ತಂದು, "ಇದಕ್ಕೆ ಲೆಕ್ಕ ಇಲ್ಲ" ಎಂದು ಮಜ್ಜಿಗೆಗೂ ಉದುರಿಸಿಕೊಳ್ಳುತ್ತಾರೆ. ಅದೂ ಸೋಡಿಯಂ ಕ್ಲೋರೈಡೇ.

ಮೊನ್ನೆ ಭದ್ರಾವತಿಯ ನ್ಯೂಟೌನಿನಲ್ಲಿ ಬೀಗರ ಮನೆಯ ಊಟ. ಮೈದಾ ಕರುಳಿಗೆ ಅಂಟುತ್ತದೆ ಎಂದು ಇಡೀ ಪಂಕ್ತಿಗೆ ಉಪನ್ಯಾಸ ಕೊಡುತ್ತಲೇ ಮಾವ ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

"ಮಾವ, ಹೋಳಿಗೆ ಕಣಕವೂ ಮೈದಾದ್ದೇ" ಎಂದಳು ಸೊಸೆ.

"ಒಳಗಿರೋದು ಬೇಳೆ ಕಣಮ್ಮಾ. ಪ್ರೋಟೀನು!"

"ಅದರ ಸಮಕ್ಕೆ ಬೆಲ್ಲವೂ ಇದೆಯಲ್ಲ?"

"ಬೆಲ್ಲ ತಾನೇ? ಇನ್ನೊಂದು ಬಡಿಸು."

ಈ ಮಾವ ಕಾರ್ಖಾನೆಯಲ್ಲಿ ಇದ್ದದ್ದು ಎಲ್ಲಿ ಅಂತೀರಿ? ತೂಕದ ಸೇತುವೆಯಲ್ಲಿ. ಅದಿರಿನ ಲಾರಿ ಐವತ್ತು ಕೆಜಿ ಹೆಚ್ಚುಕಮ್ಮಿಯಾದರೂ ಗೇಟಿನಲ್ಲೇ ನಿಲ್ಲಿಸಿ ಬೆವರಿಳಿಸುತ್ತಿದ್ದ ಮನುಷ್ಯ. ಕುಲುಮೆಗೆ ಅದಿರೆಷ್ಟು, ಸುಣ್ಣದ ಕಲ್ಲೆಷ್ಟು ಎಂದು ತೂಗಿ ಹಾಕದಿದ್ದರೆ ಎರಕ ಕೆಡುತ್ತದೆಂದು ಹೊಸಬರಿಗೆ ಪಾಠ ಹೇಳಿದವರು. ಆ ತಕ್ಕಡಿಯನ್ನು ಮಾತ್ರ ಭದ್ರಾವತಿಯಲ್ಲೇ ಬಿಟ್ಟು ಬಂದಿದ್ದಾರೆ. ಇಲ್ಲಿ ಪದಾರ್ಥದ ಹೆಸರಷ್ಟೇ ನೋಡುತ್ತಾರೆ. ಒಳ್ಳೆಯದಾದರೆ ಎಷ್ಟಾದರೂ ಸರಿ, ಕೆಟ್ಟದ್ದಾದರೆ ಚಿಟಿಕೆಯೂ ವಿಷ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ವಾದಕ್ಕಿಳಿಯಬೇಡಿ, ಗೆಲ್ಲಲಾರಿರಿ. ರಾಗಿಯೂ ಇರಲಿ, ಬೆಲ್ಲವೂ ಇರಲಿ; ಬಡಿಸುವ ಸೌಟು ಮಾತ್ರ ಅವರ ಕೈಗೆ ಕೊಡಬೇಡಿ.